ಚಂಡೆ ಎಲ್ಲಿ ಬಡಿಯುತ್ತಿದೆ? ಐದು ಮೈಕ್‌ಗಳ ಲೆಕ್ಕ

ಶಿರಸಿ ಕಡೆಯ ಅಡಿಕೆ ತೋಟದ ಕಣಿವೆಯಲ್ಲಿ ರಾತ್ರಿ ಬಯಲಾಟಕ್ಕೆ ನಡೆದು ಹೋದವರಿಗೆ ಇದು ಗೊತ್ತು: ಚಂಡೆ ಸ್ಪಷ್ಟವಾಗಿ ಕೇಳುತ್ತದೆ, ಆದರೆ ಒಮ್ಮೆ ಎದುರಿನ ಗುಡ್ಡದಿಂದ, ಇನ್ನೊಮ್ಮೆ ಬೆನ್ನ ಹಿಂದಿನಿಂದ. ಕಿವಿಯದು ತಪ್ಪಲ್ಲ, ಪ್ರತಿಧ್ವನಿಯೂ ನಿಜವಾದ ಶಬ್ದವೇ. ಶಬ್ದದ ನೆಲೆ ಹುಡುಕುವ ಲೆಕ್ಕವನ್ನು ಕಲಿಯುವಾಗ ನನಗೆ ಬಹಳ ದಿನ ಬಗೆಹರಿಯದೆ ಉಳಿದದ್ದು ಈ ಭಾಗವೇ. ಹಾಗಾಗಿ ಟಿಪ್ಪಣಿಯ ಹೆಚ್ಚಿನ ಪಾಲನ್ನು ಅದಕ್ಕೇ ಕೊಡುತ್ತೇನೆ.

ಮೊದಲು ಸುಲಭದ ಭಾಗ. ಪೂರ್ತಿ ಬದಿಯಿಂದ ಬಂದ ಶಬ್ದ ಕೂಡ ಒಂದು ಕಿವಿಗಿಂತ ಇನ್ನೊಂದಕ್ಕೆ ಸುಮಾರು 0.65 ಮಿಲಿಸೆಕೆಂಡು ಮಾತ್ರ ತಡವಾಗಿ ಮುಟ್ಟುತ್ತದೆ. ಮೈಕ್‌ಗಳನ್ನು ಗದ್ದೆಯಲ್ಲಿ ದೂರ ದೂರ ಇಟ್ಟರೆ ಈ ಅಂತರ ಹಿಗ್ಗುತ್ತದೆ. ಎರಡು ಧ್ವನಿಮುದ್ರಣಗಳನ್ನು ಒಂದರ ಮೇಲೊಂದು ಸರಿಸುತ್ತ, ಎಲ್ಲಿ ಹೆಚ್ಚು ಹೊಂದುತ್ತವೆ ಎಂದು ನೋಡಿದರೆ ಕಾಲದ ವ್ಯತ್ಯಾಸ ಸಿಗುತ್ತದೆ. ಚಂಡೆಯ ಪೆಟ್ಟು ಥಟ್ಟನೆ ಏಳುವುದರಿಂದ ಹೊಂದಿಕೆ ಒಂದೇ ಕಡೆ ಚೂಪಾಗಿ ಕಾಣುತ್ತದೆ. ಹಾರ್ಮೋನಿಯಂನ ಎಳೆದ ಶ್ರುತಿಯಾದರೆ ಪ್ರತಿ ಅಲೆಗೂ ಒಂದೊಂದು ಹೊಂದಿಕೆ ಕಂಡು ಗೊಂದಲವಾಗುತ್ತದೆ.

ಈಗ ಅಂಕಿಗಳು. ಮೈಕ್ ಅ (0, 0), ಮೈಕ್ ಆ (12, 0), ಮೈಕ್ ಇ (0, 9), ಎಲ್ಲವೂ ಮೀಟರಿನಲ್ಲಿ. ಗಾಳಿಯ ಉಷ್ಣತೆ 30 ಡಿಗ್ರಿ ಇದ್ದಾಗ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ಅ ಗಿಂತ ಆ ಗೆ ಶಬ್ದ 17.2 ಮಿಲಿಸೆಕೆಂಡು ಮೊದಲೇ ತಲುಪಿತು, ಇ ಗೆ 8.6 ಮಿಲಿಸೆಕೆಂಡು ಮೊದಲು. ಅಂದರೆ ಚಂಡೆಯು ಅ ಗಿಂತ ಆ ಗೆ 6 ಮೀಟರ್, ಇ ಗೆ 3 ಮೀಟರ್ ಹತ್ತಿರ. ಇಂಥ ಒಂದೊಂದು ವ್ಯತ್ಯಾಸವೂ ನೆಲದ ಮೇಲೆ ಒಂದೊಂದು ಅತಿಪರವಲಯ (ಹೈಪರ್ಬೋಲಾ), ಅಂದರೆ ಎರಡು ಮೈಕ್‌ಗಳಿಂದ ದೂರದ ವ್ಯತ್ಯಾಸ ಅಷ್ಟೇ ಇರುವ ಎಲ್ಲ ಬಿಂದುಗಳ ಬಾಗಿದ ಗೆರೆ. ಅವುಗಳನ್ನು ನೇರವಾಗಿ ಬಿಡಿಸಲು ಹೊರಟರೆ ವರ್ಗಮೂಲಗಳ ಕಾಟ. ಅದರ ಬದಲು ಚಂಡೆಯ ನೆಲೆಯನ್ನು (x, y), ಅ ಯಿಂದ ಅದಕ್ಕೆ ಇರುವ ದೂರವನ್ನು r ಎಂದಿಟ್ಟು (ಆಗ ಆ ಯಿಂದ r − 6, ಇ ಯಿಂದ r − 3), ದೂರಗಳ ವರ್ಗಗಳನ್ನು ಕಳೆಯಿರಿ:

x = 4.5 + r/2, y = 4 + r/3

ಇವನ್ನು x² + y² = r² ನಲ್ಲಿ ಹಾಕಿದರೆ 23r² − 258r − 1305 = 0. ಮೂಲಗಳು 15 ಮತ್ತು −3.78. ದೂರ ಋಣವಾಗದು, ಆದ್ದರಿಂದ r = 15, ಚಂಡೆ ಇರುವುದು (12, 9) ರಲ್ಲಿ. ಮೊದಲ ಸಲ ಈ ಲೆಕ್ಕ ಪೂರ್ಣಾಂಕದಲ್ಲಿ ಕೂತಾಗ ನನಗೆ ಆದ ಸಂತೋಷ ಸಣ್ಣದಲ್ಲ. ನೀವೂ ಕೈಯಲ್ಲೇ ಮಾಡಿ ನೋಡಿ.

ಆದರೆ ಗುಡ್ಡದಲ್ಲಿ ಪುಟಿದ ಶಬ್ದವನ್ನೇ ಇ ಹಿಡಿದಿದ್ದರೆ? ಮೂರು ಮೈಕ್‌ಗಳ ಲೆಕ್ಕ ಆಗಲೂ ಒಂದು ಉತ್ತರ ಕೊಡಬಹುದು, ಅಷ್ಟೇ ಅಚ್ಚುಕಟ್ಟಾಗಿ. ತಪ್ಪಿದೆ ಎಂಬ ಸುಳಿವು ಎಲ್ಲೂ ಇರುವುದಿಲ್ಲ. ಏಕೆಂದರೆ ಗೊತ್ತಿಲ್ಲದ ರಾಶಿಗಳು ಮೂರು (x, y ಮತ್ತು ಪೆಟ್ಟು ಬಿದ್ದ ಗಳಿಗೆ), ಅಳತೆಗಳೂ (ಪ್ರತಿ ಮೈಕ್‌ಗೆ ಶಬ್ದ ತಲುಪಿದ ಗಳಿಗೆ) ಮೂರೇ. ನಾಲ್ಕನೆಯ ಮೈಕ್ ಸೇರಿದರೆ ಅಳತೆಗಳು ಪರಸ್ಪರ ಒಪ್ಪುತ್ತಿಲ್ಲ ಎಂದು ತಿಳಿಯುತ್ತದೆ, ಯಾವುದು ತಪ್ಪು ಎಂದು ತಿಳಿಯುವುದಿಲ್ಲ. ಐದನೆಯದು ಬಂದ ಮೇಲೆ, ಒಂದು ಮಾತ್ರ ಕೆಟ್ಟಿದ್ದರೆ, ಸಾಮಾನ್ಯವಾಗಿ ಅದನ್ನು ಬೆರಳಿಟ್ಟು ತೋರಿಸಬಹುದು.

ಪ್ರೊಸೆಸರ್‌ಗಳ ಪಾಠದಲ್ಲಿ ಓದಿದ್ದೂ ಇದನ್ನೇ. ಒಂದೇ ಪ್ರೊಸೆಸರ್ ಇದ್ದರೆ ಅದು ತಪ್ಪಿದ್ದು ಗೊತ್ತಾಗದು, ಎರಡಿದ್ದರೆ ಭಿನ್ನಮತ ಗೊತ್ತಾಗುತ್ತದೆ, ಮೂರಿದ್ದರೆ ಬಹುಮತದಿಂದ ತಿದ್ದಬಹುದು. ಪ್ರತಿಯೊಂದೂ ಉಳಿದವುಗಳ ಹಂಗಿಲ್ಲದೆ ಸರಿಯಾಗಿರುವ ಸಂಭವನೀಯತೆ p ಆದರೆ ಬಹುಮತದ್ದು 3p² − 2p³. p = 0.9 ಇದ್ದಾಗ ಅದು 0.972, p = 0.4 ಇದ್ದಾಗ 0.352 ಮಾತ್ರ: ದುರ್ಬಲರ ಬಹುಮತ ಒಬ್ಬನಿಗಿಂತ ಕೆಟ್ಟದ್ದು. ಕಾರವಾರದ ಪಕ್ಕದ ಕೈಗಾದಲ್ಲಿರುವಂಥ ಭಾರಜಲದ ಪರಮಾಣು ರಿಯಾಕ್ಟರುಗಳನ್ನು ತುರ್ತಾಗಿ ನಿಲ್ಲಿಸುವ ವ್ಯವಸ್ಥೆಯೂ ಮೂರರಲ್ಲಿ ಎರಡು ಒಪ್ಪಬೇಕೆಂಬ ನಿಯಮದ ಮೇಲೆಯೇ ನಿಂತಿದೆ.

ಮೈಕ್‌ಗಳಲ್ಲಿ ಮತ ಎಣಿಸುವ ಕೆಲಸವನ್ನು ಕನಿಷ್ಠೀಕರಣ ಮಾಡುತ್ತದೆ: ಪ್ರತಿ ಮೈಕ್‌ನ ತಪ್ಪಿಗೆ ಒಂದು ದಂಡ ಹಾಕಿ, ಒಟ್ಟು ದಂಡ ಅತಿ ಕಡಿಮೆಯಾಗುವ ನೆಲೆಯನ್ನು ಹುಡುಕುವುದು. ಕನಿಷ್ಠ ವರ್ಗ ವಿಧಾನದಲ್ಲಿ ತಪ್ಪಿನ ವರ್ಗವೇ ದಂಡ: 1 ಮೀಟರ್ ತಪ್ಪಿಗೆ ದಂಡ 1, 6 ಮೀಟರ್ ತಪ್ಪಿಗೆ 36. ಹಾಗಾಗಿ ಕೆಟ್ಟ ಮೈಕ್ ಒಂದೇ ಉತ್ತರವನ್ನು ತನ್ನತ್ತ ಎಳೆದುಕೊಳ್ಳುತ್ತದೆ. 1964ರಲ್ಲಿ ಸಂಖ್ಯಾಶಾಸ್ತ್ರಜ್ಞ ಪೀಟರ್ ಹ್ಯೂಬರ್ ಕೊಟ್ಟ ಉಪಾಯವೆಂದರೆ, ಸಣ್ಣ ತಪ್ಪಿಗೆ ವರ್ಗದ ದಂಡ, ಒಂದು ಮಿತಿ ದಾಟಿದ ಮೇಲೆ ನೇರ ಅನುಪಾತದ ದಂಡ. ಮೇಲಿನ ವರ್ಗಸಮೀಕರಣದ ಉತ್ತರವನ್ನು ಆರಂಭದ ಊಹೆಯಾಗಿ ಇಟ್ಟುಕೊಂಡು ಗಾಸ್–ನ್ಯೂಟನ್ ಹೆಜ್ಜೆಗಳಿಂದ (ಪ್ರತಿ ಸಲವೂ ಸಮೀಕರಣಗಳನ್ನು ಊಹೆಯ ಸುತ್ತ ಸರಳರೇಖೆಗಳೆಂದು ಭಾವಿಸಿ ಬಿಡಿಸುವ ಕ್ರಮ) ತಿದ್ದುತ್ತ ಹೋಗಿ. ಆದರೆ ಐದು ಮೈಕ್ ಇದ್ದಾಗ ಅ ಯನ್ನೇ ಆಧಾರವಾಗಿ ಹಿಡಿದು ಎಲ್ಲವನ್ನೂ ಅದರಿಂದ ಕಳೆಯಬೇಡಿ. ಅ ಕೆಟ್ಟರೆ ಎಲ್ಲ ವ್ಯತ್ಯಾಸಗಳೂ ಕೆಡುತ್ತವೆ. ಪೆಟ್ಟಿನ ಗಳಿಗೆಯನ್ನು ಗೊತ್ತಿಲ್ಲದ ರಾಶಿಯಾಗಿಯೇ ಉಳಿಸಿಕೊಳ್ಳಿ.

ಬಹುಮತಕ್ಕೆ ಸಿಗದ ತಪ್ಪೂ ಒಂದಿದೆ, ಎಲ್ಲರೂ ಒಟ್ಟಿಗೆ ಮಾಡುವುದು. ಪುಸ್ತಕದಲ್ಲಿ ಸಿಗುವ 343 ಮೀಟರ್ ವೇಗ 20 ಡಿಗ್ರಿಯದ್ದು. ಕರಾವಳಿಯ ಸೆಕೆಯಲ್ಲಿ ಅದನ್ನೇ ಬಳಸಿದರೆ ಕಾಲದಿಂದ ಲೆಕ್ಕ ಹಾಕಿದ ಎಲ್ಲ ದೂರದ ವ್ಯತ್ಯಾಸಗಳೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ನಮ್ಮ ಉದಾಹರಣೆಯ ಚಂಡೆ (11.8, 8.85) ಕ್ಕೆ, ಅಂದರೆ ಸುಮಾರು 25 ಸೆಂಟಿಮೀಟರ್ ಸರಿಯುತ್ತದೆ. ಮೂರು ಮೈಕ್‌ಗಳೂ ಇದಕ್ಕೆ ತಕರಾರಿಲ್ಲದೆ ಒಪ್ಪುತ್ತವೆ. ಥರ್ಮಾಮೀಟರ್ ಒಯ್ಯಿರಿ, ಇಲ್ಲವೇ ವೇಗವನ್ನೂ ಗೊತ್ತಿಲ್ಲದ ರಾಶಿಗಳ ಸಾಲಿಗೆ ಸೇರಿಸಿ. ಸೇರಿಸಿದರೆ ಕೆಟ್ಟ ಮೈಕ್ ಯಾವುದೆಂದು ಗುರುತಿಸಲು ಐದು ಸಾಲದು, ಆರು ಬೇಕು.