ಮೂರು ತಿಂಗಳ ನರ್ಸ್, ಒಂಬತ್ತು ತಿಂಗಳ ಬಸುರಿ

“ಎಷ್ಟ ದಿನ ಇರ್ತೀರ್ರಿ ಸಿಸ್ಟರ್?”

ಹೊಸ ದವಾಖಾನೆಗೆ ಹೋದ ಮೊದಲ ವಾರದಲ್ಲೇ ಈ ಪ್ರಶ್ನೆ ಬರುತ್ತದೆ. ಕೇಳುವವಳು ಬಿಪಿ ನೋಡಿಸಿಕೊಳ್ಳಲು ತೋಳು ಚಾಚಿ ಕೂತ ಬಸುರಿ. ಆಕೆ ಸುಮ್ನೆ ಕೇಳುವುದಿಲ್ಲ. ಹೋದ ತಿಂಗಳು ಬೇರೆ ಸಿಸ್ಟರ್ ಇದ್ದರು, ಅದಕ್ಕೂ ಮುಂಚೆ ಇನ್ನೊಬ್ಬರು. ಪ್ರತಿ ಸಲ ತನ್ನ ಕಥೆಯನ್ನು ಮೊದಲಿನಿಂದ ಹೇಳಿ ಆಕೆಗೆ ಸಾಕಾಗಿದೆ.

ನಾನು ಗುತ್ತಿಗೆ ಮೇಲೆ ಕೆಲಸ ಮಾಡುವ ಸ್ಟಾಫ್ ನರ್ಸ್. ಹೆರಿಗೆ ರಜೆಗೆ ಹೋದವರ ಜಾಗಕ್ಕೋ, ಖಾಲಿ ಬಿದ್ದ ಹುದ್ದೆಗೋ ಕಳಿಸುತ್ತಾರೆ. ಜೇವರ್ಗಿ ಕಡೆ ಎರಡು ತಿಂಗಳು, ಗುರುಮಠಕಲ್ ಕಡೆ ಮೂರು, ಔರಾದ್ ಕಡೆ ಮತ್ತೆ ಮೂರು. ಟ್ರಂಕು, ಚಾಪೆ, ಸಣ್ಣ ಗ್ಯಾಸ್ ಸ್ಟೌವ್ ಹಿಡಿದುಕೊಂಡು ಬಸ್ ಹತ್ತುವುದು ರೂಢಿಯಾಗಿದೆ. ರೂಢಿಯಾಗದೇ ಇರುವುದು ಒಂದೇ. ನನ್ನ ಆರ್ಡರ್‌ನಲ್ಲಿ ಮೂರು ತಿಂಗಳು ಎಂದಿರುತ್ತದೆ. ಬಸುರಿಗೆ ಒಂಬತ್ತು ತಿಂಗಳು. ಟಿಬಿ ಇದ್ದವರಿಗೆ ಸಾಮಾನ್ಯವಾಗಿ ಆರು ತಿಂಗಳ ಗುಳಿಗೆ. ಬಿಪಿ, ಶುಗರ್ ಇದ್ದವರಲ್ಲಿ ಹೆಚ್ಚಿನವರಿಗೆ ಜೀವ ಇರೋತನಕ. ನನ್ನ ಲೆಕ್ಕವೂ ಅವರ ಲೆಕ್ಕವೂ ಎಲ್ಲೂ ಕೂಡುವುದಿಲ್ಲ.

ಅವರೂ ಒಂದು ಕಡೆ ನಿಲ್ಲುವುದಿಲ್ಲ, ಅದನ್ನೂ ಹೇಳಬೇಕು. ಚೊಚ್ಚಲ ಬಸುರಿ ಏಳೋ ಎಂಟೋ ತಿಂಗಳಿಗೆ ತವರಿಗೆ ಹೋಗುತ್ತಾಳೆ. ಯಾದಗಿರಿ ಜಿಲ್ಲೆಯ ಎಷ್ಟೋ ಮನೆಗಳವರು ಹೊಲದ ಕೆಲಸ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈ ಅಂತ ದುಡಿಯಲು ಹೋಗುತ್ತಾರೆ. ಹೀಗಿರುವಾಗ ಇಬ್ಬರನ್ನೂ ಜೋಡಿಸಿ ಇಡುವುದು ಬಸುರಿಯ ತಪಾಸಣೆಗಳನ್ನೆಲ್ಲ ಬರೆದಿಡುವ ತಾಯಿ ಕಾರ್ಡ್ ಒಂದೇ. ಕಾರ್ಡ್ ತುಂಬುವುದನ್ನು ಗುಮಾಸ್ತಿಕೆ ಅಂದುಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ನಾನು ಅದನ್ನು ಚಿಕಿತ್ಸೆ ಅಂತಲೇ ತಿಳಿದಿದ್ದೇನೆ.

ಯಾಕೆ ಅಂತ ಹೇಳುತ್ತೇನೆ. ಗುರುಮಠಕಲ್ ಕಡೆ ಒಬ್ಬ ಹೆಣ್ಣುಮಗಳು ಎಂಟು ತಿಂಗಳಿಗೆ ಬಂದಳು. ಕಾರ್ಡನ್ನು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದಳು. ಮಡಿಕೆ ಬಿದ್ದ ಕಡೆ ಹರಿದಿತ್ತು, ಮೂಲೆಗೆ ಅರಿಶಿನದ ಕೈ ಗುರುತು. ಒಳಗೆ ನಾನು ಮುಖವನ್ನೇ ನೋಡದ ಹಿಂದಿನ ಸಿಸ್ಟರ್ ಹಿಮೋಗ್ಲೋಬಿನ್ 7.9 ಎಂದು ಬರೆದು ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ: “ಕಬ್ಬಿಣದ ಗುಳಿಗೆ ನುಂಗಿದರೆ ವಾಂತಿ. ಅತ್ತೆಗೆ ಹೆದರಿ ನುಂಗಿದೆ ಅನ್ನುತ್ತಾಳೆ.” ಈ ಎರಡು ಸಾಲು ಇರದಿದ್ದರೆ ನಾನು ಗುಳಿಗೆ ನುಂಗಿದೆಯಾ ಅಂತ ಕೇಳುತ್ತಿದ್ದೆ, ಆಕೆ ಹೌದು ಅನ್ನುತ್ತಿದ್ದಳು, ಮತ್ತೊಂದು ತಿಂಗಳಿನ ಗುಳಿಗೆ ಕೊಟ್ಟು ಕಳಿಸುತ್ತಿದ್ದೆ. ಅತ್ತೆಯನ್ನು ಹೊರಗೆ ಕೂರಿಸಿ ಮತ್ತೆ ರಕ್ತ ನೋಡಿದೆ. 6.6 ಬಂತು. ಏಳಕ್ಕಿಂತ ಕೆಳಗೆ ಇಳಿದರೆ ಅದು ತೀವ್ರ ರಕ್ತಹೀನತೆ, ಗುಳಿಗೆಯಿಂದ ಆಗುವ ಕೆಲಸ ಅಲ್ಲ. ಅವತ್ತೇ ರಕ್ತ ಸಿಗುವ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಹೆರಿಗೆಗೆ ಇನ್ನೂ ಸಮಯ ಇತ್ತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಆ ಸಿಸ್ಟರ್ ಎಲ್ಲಿದ್ದಾರೋ, ಅವರ ಕೈಬರಹ ಮಾತ್ರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹೊಸದಾಗಿ ಈ ಕೆಲಸಕ್ಕೆ ಬರುವವರು ಮೊದಲ ದಿನ ಏನು ನೋಡಬೇಕು ಅಂತ ಕೇಳುತ್ತಾರೆ. ರೂಮು ಹುಡುಕುವ ಮುಂಚೆ ಹೆರಿಗೆ ಕೋಣೆಗೆ ಹೋಗಿ. ಆಕ್ಸಿಜನ್ ಸಿಲಿಂಡರಿನ ಕೀಲಿ ತಿರುಗಿಸಿ ಮುಳ್ಳು ಏಳುತ್ತದೋ ನೋಡಿ. ಮಗುವಿಗೆ ಉಸಿರು ಕೊಡುವ ಅಂಬು ಬ್ಯಾಗನ್ನು ಅಂಗೈಗೆ ಒತ್ತಿ ನೋಡಿ, ಮಾಸ್ಕ್ ಸರಿಯಾದ ಅಳತೆಯದ್ದು ಇದೆಯಾ ನೋಡಿ. ಆಮೇಲೆ ಫ್ರಿಜ್ ತೆಗೆಯಿರಿ. ಆಕ್ಸಿಟೋಸಿನ್ ಎಲ್ಲಿಟ್ಟಿದ್ದಾರೆ? ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ 10 ಯುನಿಟ್ ಕೊಡುವ ಇಂಜೆಕ್ಷನ್ ಅದು, ರಕ್ತಸ್ರಾವ ತಡೆಯಲು. 2ರಿಂದ 8 ಡಿಗ್ರಿಯಲ್ಲಿ ಇರಬೇಕು. ನಮ್ಮಲ್ಲಿ ಮೇ ತಿಂಗಳಲ್ಲಿ ಬಿಸಿಲು 42, 43 ಮುಟ್ಟುತ್ತದೆ. ಕೈಗೆ ಸಿಗಲಿ ಅಂತ ಕಿಟಕಿ ಪಕ್ಕದ ಟ್ರೇನಲ್ಲಿ ಇಟ್ಟ ಆಂಪೂಲು ನೋಡಲು ಹಾಗೇ ಇರುತ್ತದೆ, ಒಳಗಿನ ಶಕ್ತಿ ಹೋಗಿರುತ್ತದೆ. ರಕ್ತ ನಿಲ್ಲದೇ ಇದ್ದಾಗಲೇ ಅದು ಗೊತ್ತಾಗುವುದು. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆವರೆಗೆ ನಡೆಯುತ್ತವೆ. ಹೆರಿಗೆಗಳು ಹೆಚ್ಚಾಗಿ ಅದಾದ ಮೇಲೆ, ಕರೆಂಟ್ ಹೋದ ಹೊತ್ತಿಗೆ ಬರುತ್ತವೆ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಅದಕ್ಕೇ ಕರೆಂಟ್ ಹೋದರೆ ಏನು ಮಾಡುತ್ತೀರಿ ಅಂತ ಮೊದಲ ದಿನವೇ ಅಲ್ಲಿನ ಆಯಾರನ್ನು ಕೇಳಿ. ಸರಿಯಾದ ಉತ್ತರ ಅವರ ಹತ್ತಿರವೇ ಇರುತ್ತದೆ.

ಮಾತಿನ ವಿಷಯ ಇನ್ನೊಂದು. ತಲೆ ಸುತ್ತಿದರೆ ಜೇವರ್ಗಿಯಲ್ಲಿ “ಚಕ್ಕರ್ ಬರ್ತದ್ರಿ” ಅನ್ನುತ್ತಾರೆ. ಔರಾದ್ ಕಡೆ ಮರಾಠಿಯಲ್ಲಿ “ಚಕ್ಕರ್ ಯೇತೆ”. ಗುರುಮಠಕಲ್ ತೆಲಂಗಾಣದ ಗಡಿ, ಅಲ್ಲಿ ತೆಲುಗಿನಲ್ಲಿ “ಕಳ್ಳು ತಿರುಗುತುನ್ನಾಯಿ”. ಕಣ್ಣು ತಿರುಗುತ್ತಿದೆ ಅಂತ ಅರ್ಥ. ಬೇರೆ ಕಡೆಯಿಂದ ಬಂದ ಕನ್ನಡದ ಕಿವಿಗೆ ಅದು ಕುಡಿಯುವ ಕಳ್ಳು ಎಂದೇ ಕೇಳುತ್ತದೆ. ಬಸುರಿಯ ಬಿಪಿ ಏರಿದ ಲಕ್ಷಣ ಹೀಗೆ ಕೈತಪ್ಪಬಾರದು, ಅಲ್ವಾ? ತಲೆನೋವು, ಕಣ್ಣು ಮಂಜು, ಕಾಲು ಬಾವು, ರಕ್ತ ಹೋಗುವುದು, ಮಗು ಅಲ್ಲಾಡದಿರುವುದು. ಈ ಐದಕ್ಕೆ ಆ ಊರಲ್ಲಿ ಏನನ್ನುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ಬರೆದುಕೊಳ್ಳುತ್ತೇನೆ. ತಾಂಡಾಗಳಿಗೆ ಹೋಗುವಾಗ ಲಂಬಾಣಿ ಮಾತನಾಡುವವರು ಒಬ್ಬರು ಜೊತೆಗಿರಲೇಬೇಕು.

ನಿಮ್ಮ ಕಾಗದಪತ್ರದ ಬಗ್ಗೆ ಒಂದೇ ಮಾತು: ಅನುಭವ ಪತ್ರವನ್ನು ತಾರೀಖು ಸಹಿತ ಕೊನೆಯ ದಿನವೇ ತೆಗೆದುಕೊಳ್ಳಿ. ಒಂದು ಕಡೆ ನಾನು ಆಮೇಲೆ ಬರುತ್ತೇನೆ ಅಂತ ಬಿಟ್ಟು ಬಂದು, ಆ ಒಂದು ಕಾಗದಕ್ಕೆ ನಾಲ್ಕು ಸಲ ಬಸ್ ಹತ್ತಿದ್ದೇನೆ.

ಬಿಟ್ಟು ಹೋಗುವಾಗ “ನಿಮ್ಮ ನಂಬರ್ ಕೊಡ್ರಿ” ಅಂತ ತುಂಬಾ ಜನ ಕೇಳುತ್ತಾರೆ. ಮೊದಮೊದಲು ಕೊಡುತ್ತಿದ್ದೆ. ಆಮೇಲೆ ಗೊತ್ತಾಯಿತು, ನೋವು ಶುರುವಾದಾಗ 108ಕ್ಕೆ ಮಾಡದೇ ನೂರೈವತ್ತು ಕಿಲೋಮೀಟರ್ ದೂರ ಇರುವ ನನಗೆ ಫೋನ್ ಮಾಡುತ್ತಾರೆ. ಈಗ ಕಾರ್ಡ್ ಹಿಂದೆ 108 ಮತ್ತು ಆಶಾ ನಂಬರ್ ದೊಡ್ಡದಾಗಿ ಬರೆದು ಕೊಡುತ್ತೇನೆ. ಆಶಾ ಅದೇ ಊರಿನ ಸೊಸೆ, ನನ್ನ ಹಾಗೆ ಹೋಗುವವಳಲ್ಲ.

ಕೊನೆಯ ವಾರ ಒಂದು ಹಾಳೆ ಬರೆಯುತ್ತೇನೆ. ಎಲ್ಲರ ಹೆಸರೂ ಬೇಡ, ಕಣ್ಣಿಡಲೇಬೇಕಾದವರದ್ದು ಮಾತ್ರ. ಒಂದು ಪ್ರತಿ ರಿಜಿಸ್ಟರಿನೊಳಗೆ, ಇನ್ನೊಂದು ಆಶಾ ಕೈಗೆ. ಈ ಸಲ ಹದಿಮೂರು ಹೆಸರು ಇವೆ. ಆರನೆಯ ಹೆಸರಿನ ಮುಂದೆ ಹೀಗೆ ಬರೆದಿದ್ದೇನೆ: “ಬಿಪಿ 146/94, ಎರಡು ಸಲ ನೋಡಿದೆ, ಡಾಕ್ಟರಿಗೆ ತೋರಿಸಿದೆ. ತವರು ಸೇಡಂ ಕಡೆ, ಅಮಾವಾಸ್ಯೆ ಮುಗಿದ ಮೇಲೆ ಹೋಗುತ್ತಾಳೆ. ಹೋಗುವ ಮುಂಚೆ ಅಲ್ಲಿನ ಆಶಾಗೆ ಫೋನ್ ಮಾಡಿ ಹೇಳಬೇಕು.”