ಹಸಿರು ಗುರುತಿಗಿಂತ ಇಳಿಜಾರಿನ ಬುಡ ನೋಡಿ

ಡಿಸೆಂಬರ್ ಬಂತೆಂದರೆ ಸಿಯಾಟಲ್ ಸುತ್ತಮುತ್ತಲ ಕನ್ನಡದ ಮನೆಗಳಿಂದ ನನಗೆ ಫೋನು ಶುರು. "ಅಕ್ಕಾ, ನಾವು ಇದೇ ಮೊದಲು ಕ್ರಾಸ್ ಕಂಟ್ರಿ ಸ್ಕೀಯಿಂಗ್ ಮಾಡ್ತಿರೋದು. ಅಪ್ಪ ಅಮ್ಮನೂ ಊರಿಂದ ಬಂದಿದ್ದಾರೆ. ಯಾವುದಾದರೂ ಸುಲಭದ ಟ್ರೇಲ್ ಹೇಳಿ." ಕ್ರಾಸ್ ಕಂಟ್ರಿ ಅಂದರೆ ಲಿಫ್ಟ್ ಇಲ್ಲದೆ, ಹಿಮದ ಮೇಲೆ ಸ್ವಂತ ಕಾಲಬಲದಲ್ಲಿ ಜಾರುತ್ತ ಸಾಗುವ ಸ್ಕೀಯಿಂಗ್. ಕೇಳುವವರು ಮ್ಯಾಪನ್ನು ಆಗಲೇ ತೆರೆದು ಕೂತಿರುತ್ತಾರೆ. ಅದರಲ್ಲಿ ಹಸಿರು ವೃತ್ತ ಅಂದರೆ ಸುಲಭ, ನೀಲಿ ಚೌಕ ಅಂದರೆ ಮಧ್ಯಮ, ಕಪ್ಪು ವಜ್ರ ಅಂದರೆ ಕಷ್ಟ. ಹಸಿರು ಕಂಡಲ್ಲಿಗೆ ಹೋದರಾಯಿತಲ್ಲ ಎಂಬುದು ಅವರ ಲೆಕ್ಕ.

ನಾನೂ ಹಾಗೇ ಲೆಕ್ಕ ಹಾಕಿದ್ದೆ. ಕಲಿಸಲು ತೊಡಗಿದ ಎರಡನೆಯ ಚಳಿಗಾಲ, ಒಂದು ಜೋಡಿಯನ್ನು ಹಸಿರು ಗುರುತಿನ ಟ್ರೇಲಿಗೆ ಕರೆದುಕೊಂಡು ಹೋದೆ. ಒಂದೂವರೆ ಕಿಲೋಮೀಟರ್ ಸಮತಟ್ಟು, ಆಮೇಲೆ ಒಂದೇ ಒಂದು ಇಳಿಜಾರು. ಉದ್ದ ಮೂವತ್ತು ಮೀಟರ್ ಕೂಡ ಇರಲಿಲ್ಲ. ಆದರೆ ಅದರ ಬುಡದಲ್ಲೇ ಎಡಕ್ಕೆ ತಿರುವು, ತಿರುವಿನಾಚೆ ಫರ್ ಮರಗಳು. ಆಕೆ ತಿರುಗಲಾಗದೆ ನೇರವಾಗಿ ಮರದ ಬುಡದ ಹಿಮಕ್ಕೆ ಹೋಗಿ ಬಿದ್ದರು. ಮಣಿಕಟ್ಟು ಉಳುಕಿತು. ಮೂಳೆ ಮುರಿಯದ್ದು ಪುಣ್ಯ. ತಪ್ಪು ನನ್ನದು, ಟ್ರೇಲಿನದಲ್ಲ. ಆ ಬಣ್ಣ ಇಡೀ ದಾರಿಗೆ ಒಂದೇ. ಹೊಸಬರು ಬೀಳುವುದು ಒಂದು ಜಾಗದಲ್ಲಿ.

ಅಂದಿನಿಂದ ಹೊಸ ಟ್ರೇಲ್ ಅಂದರೆ ಮೊದಲು ನಾನೊಬ್ಬಳೇ ಹೋಗಿ ಪ್ರತಿ ಇಳಿಜಾರಿನ ಬುಡ ನೋಡಿ ಬರುತ್ತೇನೆ. ಕೆಳಗೆ ನೇರವಾದ ಸಮತಟ್ಟು ಜಾಗ ಇದ್ದರೆ ಸ್ಕೀ ತಾನಾಗಿ ನಿಲ್ಲುತ್ತದೆ, ಬ್ರೇಕ್ ಹಾಕಲು ಬರದಿದ್ದರೂ ಪರವಾಗಿಲ್ಲ. ತಿರುವು, ಸೇತುವೆ, ರಸ್ತೆ ಅಡ್ಡ ಬಂದರೆ ಆ ದಾರಿ ಮೊದಲ ದಿನಕ್ಕಲ್ಲ, ಬಣ್ಣ ಏನೇ ಇರಲಿ.

ಇಷ್ಟು ಗಾಬರಿ ಯಾಕೆ ಅಂದರೆ, ಈ ಸ್ಕೀಯ ರಚನೆಯೇ ಹಾಗೆ. ಲಿಫ್ಟ್ ಹತ್ತಿ ಬೆಟ್ಟದಿಂದ ಇಳಿಯುವ ಸ್ಕೀಯಲ್ಲಿ ಬೂಟು ಹಿಂದೆ ಮುಂದೆ ಎರಡೂ ಕಡೆ ಬಿಗಿದಿರುತ್ತದೆ, ಅಂಚಿಗೆ ಹಿಮ ಕೊರೆಯುವ ಲೋಹ ಇರುತ್ತದೆ. ನಮ್ಮದರಲ್ಲಿ ಬೂಟಿನ ತುದಿ ಮಾತ್ರ ಬೈಂಡಿಂಗಿಗೆ, ಅಂದರೆ ಸ್ಕೀಯ ಮೇಲಿನ ಕೊಂಡಿಗೆ, ಸಿಕ್ಕಿರುತ್ತದೆ, ಹಿಮ್ಮಡಿ ಬಿಡುವಾಗಿರುತ್ತದೆ. ನಡೆಯಲು ಅದೇ ಅನುಕೂಲ, ನಿಲ್ಲಿಸಲು ಅದೇ ತೊಡಕು. ಟ್ರ್ಯಾಕಿನ ಸ್ಕೀಗಳು ಕಿರಿದು, ಬಹುಪಾಲು ಲೋಹದ ಅಂಚೂ ಇಲ್ಲ. ಸಾಲದ್ದಕ್ಕೆ, ಹಿಮವನ್ನು ಸಮ ಮಾಡುವ ಗ್ರೂಮಿಂಗ್ ಯಂತ್ರ ಒತ್ತಿಟ್ಟ ಎರಡು ಸಾಲು, ಅಂದರೆ ಕ್ಲಾಸಿಕ್ ಟ್ರ್ಯಾಕ್. ನೇಗಿಲ ಸಾಲಿನಂಥ ಆ ಗುಂಡಿಯಲ್ಲಿ ಸ್ಕೀ ಕೂತಾಗ ಸಮತಟ್ಟಿನಲ್ಲಿ ಸ್ವರ್ಗ. ಇಳಿಜಾರಿನಲ್ಲಿ ಅದು ರೈಲು ಹಳಿ, ಹೋದಲ್ಲಿಗೆ ಹೋಗಬೇಕು. ಅದಕ್ಕೇ ನನ್ನ ಮೊದಲ ಪಾಠ ಓಟದ್ದಲ್ಲ. ಇಳಿಜಾರು ಶುರುವಾಗುವ ಮೊದಲೇ ಒಂದು ಸ್ಕೀಯನ್ನು ಟ್ರ್ಯಾಕಿನಿಂದ ಎತ್ತಿ ಹೊರಗಿಟ್ಟು, ಮುಂದಿನ ತುದಿ ಒಳಕ್ಕೆ, ಹಿಂಬದಿ ಹೊರಕ್ಕೆ ಮಾಡಿ ಒತ್ತುವುದು. ಸ್ಕೀಗಳನ್ನು ಹೀಗೆ ಓರೆ ಮಾಡಿ ವೇಗ ತಗ್ಗಿಸುವುದಕ್ಕೆ ಸ್ನೋಪ್ಲೋ ಅನ್ನುತ್ತಾರೆ, ಒಂದೇ ಕಾಲಿನ ಇದು ಅರ್ಧ ಸ್ನೋಪ್ಲೋ. ಎರಡೂ ಕಾಲಿನದು ಮಧ್ಯಾಹ್ನಕ್ಕೆ ಬಂದರೆ ಸಾಕು.

ಹಾಗಾದರೆ ಎಲ್ಲಿಗೆ ಹೋಗೋದು? ಸಿಯಾಟಲ್ ಕಡೆಯವರಿಗೆ ನನ್ನ ಉತ್ತರ ಬಹಳ ವರ್ಷಗಳಿಂದ ಒಂದೇ. ಐ-90 ಹೆದ್ದಾರಿ ಹಿಡಿದು, ಬೆಟ್ಟಸಾಲು ದಾಟುವ ಸ್ನೋಕ್ವಾಲ್ಮಿ ಪಾಸ್ ಎಂಬ ಕಣಿವೆದಾರಿ ಕಳೆದು, 54ನೇ ಎಕ್ಸಿಟ್‌ನಲ್ಲಿ ಇಳಿದರೆ ಸಿಗುವ ಹಯಾಕ್ ಸ್ನೋ-ಪಾರ್ಕ್, ಅಂದರೆ ಹಿಮದಾಟಕ್ಕೆ ಬರುವವರು ಕಾರು ನಿಲ್ಲಿಸುವ ಜಾಗ. ಅಲ್ಲಿಂದ ಕೀಚೆಲಸ್ ಕೆರೆಯ ದಡದುದ್ದಕ್ಕೂ ಹೋಗುವ ಟ್ರೇಲ್ ಒಂದು ಕಾಲದಲ್ಲಿ ಮಿಲ್ವಾಕೀ ರೋಡ್ ಕಂಪನಿಯ ರೈಲು ಹಾದಿ. 1980ರಲ್ಲಿ ರೈಲು ನಿಂತಿತು. ಈಗ ಅದು ಪಲೂಸ್ ಟು ಕ್ಯಾಸ್ಕೇಡ್ಸ್ ಎಂಬ ರಾಜ್ಯ ಉದ್ಯಾನದ ಟ್ರೇಲ್, ಚಳಿಗಾಲದಲ್ಲಿ ಗ್ರೂಮಿಂಗ್ ಮಾಡುತ್ತಾರೆ.

ರೈಲು ಹಾದಿಯ ಬೆಲೆ ನನ್ನಂಥ ಸಕಲೇಶಪುರದ ಕಡೆಯವಳಿಗೆ ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಸುಬ್ರಹ್ಮಣ್ಯದತ್ತ ಇಳಿಯುವ ಘಾಟಿ ಹಳಿಯ ಇಳಿಜಾರು ಐವತ್ತಕ್ಕೆ ಒಂದು. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ. ಅಷ್ಟಕ್ಕೇ ಗಾಡಿಗೆ ಹೆಚ್ಚುವರಿ ಎಂಜಿನ್ ಕಟ್ಟುತ್ತಾರೆ. ಸ್ಕೀ ಹಾಕಿಕೊಂಡವರಿಗೆ ಅಂಥ ಘಾಟಿಯೂ ಬಯಲೇ. ಕೆರೆಯ ದಡದ ಈ ತುಂಡಂತೂ ಅಷ್ಟೂ ಇಳಿಜಾರಿಲ್ಲ. ರೈಲು ಹಠಾತ್ತನೆ ತಿರುಗಲಾರದ್ದರಿಂದ ದಾರಿಯಲ್ಲಿ ಬಿಗಿಯಾದ ತಿರುವೂ ಇಲ್ಲ. ಬೆಟ್ಟದ ನಡುವೆ ಇದ್ದೂ ಬೆಟ್ಟ ಹತ್ತದ ದಾರಿ ಬೇಕೆಂದರೆ ಎಂಜಿನಿಯರುಗಳು ನೂರು ವರ್ಷದ ಹಿಂದೆಯೇ ಮಾಡಿಟ್ಟಿದ್ದಾರೆ. ಹತ್ತಿರದ ಹಳೇ ಸುರಂಗವನ್ನು ಮಾತ್ರ ಚಳಿಗಾಲದಲ್ಲಿ ಮುಚ್ಚಿರುತ್ತಾರೆ, ಆ ಆಸೆ ಬೇಸಿಗೆಗೆ ಇಟ್ಟುಕೊಳ್ಳಿ. ಮಕ್ಕಳಿಗೆ ಸ್ಕೀ ಬೇಸರವಾದರೆ ಪಕ್ಕದಲ್ಲೇ ಜಾರುವ ದಿಬ್ಬ ಇದೆ.

ರಾಜ್ಯ ಉದ್ಯಾನಗಳಲ್ಲಿ ಕಾರು ನಿಲ್ಲಿಸಲೆಂದು ಬೇಸಿಗೆಯಲ್ಲಿ ಕೊಂಡ ಡಿಸ್ಕವರ್ ಪಾಸ್ ಮಾತ್ರ ತೋರಿಸಿ ಇಲ್ಲಿ ಕಾರು ನಿಲ್ಲಿಸಿದರೆ ದಂಡ ಬೀಳುತ್ತದೆ. ಸ್ನೋ-ಪಾರ್ಕ್ ಪರ್ಮಿಟ್ ಬೇಕು, ಸೀಸನ್ ಪರ್ಮಿಟ್ಟಾದರೆ ಗ್ರೂಮಿಂಗಿನ ಸ್ಟಿಕರ್ ಬೇರೆ. ಕಾರಿನಲ್ಲಿ ಟೈರಿಗೆ ಕಟ್ಟುವ ಚೈನ್ ಇರಲಿ. ಮತ್ತೆ, ಕಾಲಡಿಯ ದಾರಿ ಸಮತಟ್ಟಾದ ಮಾತ್ರಕ್ಕೆ ಪಕ್ಕದ ಗುಡ್ಡವೂ ಸಮತಟ್ಟಲ್ಲ. ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್‌ನ ಅಂದಿನ ಹಿಮಕುಸಿತದ ಮುನ್ಸೂಚನೆ ಓದದೆ ನಾನು ಮನೆ ಬಿಡುವುದಿಲ್ಲ. ಎಚ್ಚರಿಕೆಯ ಬೋರ್ಡಿನ ಹತ್ತಿರ ಫೋಟೋಗೆಂದು ನಿಲ್ಲಬೇಡಿ.

ಇದಕ್ಕೆ ಉಲ್ಟಾ ಒಂದು ದಾರಿಯೂ ಇದೆ. ಅದೇ ಹೆದ್ದಾರಿಯಲ್ಲಿ ಮುಂದೆ, 63ನೇ ಎಕ್ಸಿಟ್‌ನ ಕ್ಯಾಬಿನ್ ಕ್ರೀಕ್‌ನಿಂದ ಅಮಾಬಿಲಿಸ್ ಬೆಟ್ಟಕ್ಕೆ ಹತ್ತುವ ಕಾಡಿನ ರಸ್ತೆ. ಅಗಲವಾಗಿದೆ, ನೋಟ ಚೆನ್ನಾಗಿದೆ, ಹತ್ತುವಾಗ ಉಬ್ಬಸ ಬಿಟ್ಟರೆ ಬೇರೆ ಕಷ್ಟ ಗೊತ್ತಾಗುವುದಿಲ್ಲ. ಬೆಟ್ಟದ ತುದಿ ಮುಟ್ಟುವ ಹೊತ್ತಿಗೆ ಸುಮಾರು ಆರು ನೂರು ಮೀಟರ್ ಏರಿರುತ್ತೀರಿ. ಏರಿದ್ದನ್ನೆಲ್ಲ ಇಳಿಯಬೇಕಲ್ಲ, ಅದೂ ದಣಿದ ಕಾಲಿನಲ್ಲಿ. ಸ್ಕೀ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಅಂಚಿನಲ್ಲಿ ನಡೆದು ಬರುವವರನ್ನು ನಾನು ಅಲ್ಲಿ ಕಂಡಿದ್ದೇನೆ. ಅವರು ಮಾಡಿದ್ದು ಸರಿ. ನಾಚಿಕೆಪಟ್ಟು ಜಾರಲು ಹೋಗುವುದು ತಪ್ಪು.

ಟ್ರೇಲ್ ಒಂದೇ ಆದರೂ ಗಂಟೆಗೊಂದು ಸ್ವಭಾವ ಎಂಬುದನ್ನು ಯಾವ ಮ್ಯಾಪೂ ಹೇಳುವುದಿಲ್ಲ. ಕ್ಯಾಸ್ಕೇಡ್ ಪರ್ವತಸಾಲಿಗೆ ಶಾಂತಸಾಗರದ ತೇವದ ಗಾಳಿ ಬಂದು ಬಡಿಯುತ್ತದೆ. ಸ್ನೋಕ್ವಾಲ್ಮಿ ಪಾಸಿನ ಎತ್ತರ ಸುಮಾರು 920 ಮೀಟರ್ ಮಾತ್ರ. ಹೀಗಾಗಿ ಚಳಿಗಾಲದ ನಡುವೆಯೂ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲೇ ಓಲಾಡುತ್ತದೆ. ಹಗಲು ಮಳೆ ಬಂದು ರಾತ್ರಿ ಹೆಪ್ಪುಗಟ್ಟಿದರೆ, ಬೆಳಗ್ಗೆ ಎಂಟಕ್ಕೆ ಟ್ರ್ಯಾಕ್ ಗಾಜಿನ ಕೊಳವೆ. ಹನ್ನೊಂದಕ್ಕೆ ಬಿಸಿಲು ತಾಗಿ ಮೆತ್ತಗಾದ ಮೇಲೆ ಅದೇ ದಾರಿಯಲ್ಲಿ ಅಜ್ಜಿಯೂ ಹೋಗಬಹುದು. ಸೊನ್ನೆಯಲ್ಲಿ ಹೊಸ ಹಿಮ ಬೀಳುತ್ತಿದ್ದರೆ ಇನ್ನೊಂದು ಕಾಟ. ಬಾಡಿಗೆ ಸ್ಕೀಗಳ ತಳದಲ್ಲಿ ಹಿಂದಕ್ಕೆ ಜಾರದಿರಲೆಂದು ಮೀನಿನ ಹುರುಪೆಯಂಥ ಗೀರುಗಳಿರುತ್ತವೆ. ಒದ್ದೆ ಹಿಮ ಅಲ್ಲಿ ಸೇರಿಕೊಂಡು, ಗದ್ದೆ ಕೆಸರು ಚಪ್ಪಲಿಗೆ ಮೆತ್ತಿದ ಹಾಗೆ ಗೇಣುದ್ದ ಮೆತ್ತಿಕೊಳ್ಳುತ್ತದೆ. ನನಗೇ ಬರೋದಿಲ್ಲ ಅಂತ ಕೂತು ಅತ್ತವರಿದ್ದಾರೆ. ತಪ್ಪು ಅವರದಲ್ಲ, ಹಿಮದ್ದು. ಬಾಡಿಗೆ ಅಂಗಡಿಯಲ್ಲೇ ಉಜ್ಜುವ ವ್ಯಾಕ್ಸ್ ಕೇಳಿ ಜೇಬಿಗೆ ಹಾಕಿಕೊಳ್ಳಿ.

ಮೂರು ದಿನ ರಜೆ ಇದ್ದರೆ ಮೆಟ್‌ಹೌ ಕಣಿವೆಗೆ ಹೋಗಿ. ಪರ್ವತಸಾಲಿನ ಪೂರ್ವಕ್ಕಿದೆ, ನಮ್ಮ ಘಟ್ಟದಾಚೆಯ ಬಯಲುಸೀಮೆಯ ಹಾಗೆ ಮಳೆಯ ನೆರಳು. ಅಲ್ಲಿನ ಹಿಮ ಒಣ, ಚಳಿ ಕೊರೆಯುವಂಥದ್ದು, ಟ್ರ್ಯಾಕ್ ದಿನವಿಡೀ ಕೆಡದೆ ಉಳಿಯುತ್ತದೆ. ಗ್ರೂಮಿಂಗ್ ಆದ ದಾರಿಗಳೇ ಇನ್ನೂರು ಕಿಲೋಮೀಟರಿಗೂ ಹೆಚ್ಚು. ವಿಂತ್ರಾಪ್‌ನಿಂದ ಮಜಾಮಾಗೆ ಹೋಗುವ ಕಮ್ಯುನಿಟಿ ಟ್ರೇಲ್ ಸುಮಾರು 30 ಕಿಲೋಮೀಟರ್. ಅಷ್ಟುದ್ದ ಕೇಳಿ ಹೆದರಬೇಡಿ, ಪೂರ್ತಿ ಹೋಗಬೇಕೆಂದು ಯಾರೂ ಹೇಳಿಲ್ಲ. ಹೊಸಬರು ಮಜಾಮಾ ಕಡೆಯಿಂದ ಶುರು ಮಾಡಿ, ಅಲ್ಲಿ ಕಣಿವೆಯ ತಳ ಅಂಗೈ ಹಾಗಿದೆ. ನದಿಯ ಮೇಲಿನ ತೂಗು ಸೇತುವೆಯವರೆಗೆ ಹೋಗಿ ವಾಪಸಾದರೂ ಸಾರ್ಥಕ. ಬಿಗ್ ವ್ಯಾಲಿ ಕೂಡ ಸಮತಟ್ಟು. ಒಂದು ಮಾತು: ನಾರ್ತ್ ಕ್ಯಾಸ್ಕೇಡ್ಸ್ ಹೆದ್ದಾರಿ 20 ಚಳಿಗಾಲದಲ್ಲಿ ಮುಚ್ಚಿರುತ್ತದೆ. ಬೇಸಿಗೆಯ ನೆನಪಿನಲ್ಲಿ ಹೊರಟರೆ ಗೇಟಿನ ಮುಂದೆ ನಿಲ್ಲಬೇಕಾಗುತ್ತದೆ. ಸ್ಟೀವನ್ಸ್ ಪಾಸ್ ಅಥವಾ ಬ್ಲೂಯೆಟ್ ಪಾಸ್ ಮೂಲಕ ಸುತ್ತಿಕೊಂಡು ಹೋಗಬೇಕು, ನಾಲ್ಕು ಗಂಟೆಗೆ ಮೇಲೆಯೇ ಹಿಡಿಯುತ್ತದೆ.

ಬಟ್ಟೆಯ ವಿಷಯದಲ್ಲಿ ನಮ್ಮವರು ತಪ್ಪದೆ ಎಡವುತ್ತಾರೆ. ಹಿಮ ಅಂದಕೂಡಲೇ ದಪ್ಪ ಜಾಕೆಟ್, ಒಳಗೆ ಹತ್ತಿ ಬನಿಯನ್, ಕೆಳಗೆ ಜೀನ್ಸ್. ಹತ್ತು ನಿಮಿಷದಲ್ಲಿ ಬೆವರು, ನಿಂತಕೂಡಲೇ ಆ ಒದ್ದೆ ಹತ್ತಿಯಲ್ಲಿ ನಡುಕ. ಉಣ್ಣೆ ಅಥವಾ ಪಾಲಿಯೆಸ್ಟರಿನ ತೆಳು ಪದರಗಳು ಸಾಕು. ಕಾರಿನಿಂದ ಇಳಿದಾಗ ಸ್ವಲ್ಪ ಚಳಿ ಅನ್ನಿಸಿದರೆ ಬಟ್ಟೆ ಸರಿಯಾಗಿದೆ ಎಂದೇ ಅರ್ಥ.

"ನಮ್ಮಂಥ ಬಿಸಿಲಿನವರಿಗೆ ಇದೆಲ್ಲ ಆಗಿ ಬರಲ್ಲ ಬಿಡಮ್ಮ" ಎನ್ನುವ ಹಿರಿಯರಿಗೆ ನಾನು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳುತ್ತೇನೆ. ಇದೇ ಕ್ರೀಡೆಯಲ್ಲಿ ಭಾರತದ ಪರವಾಗಿ ಅಂತರರಾಷ್ಟ್ರೀಯ ರೇಸ್‌ಗಳಿಗೆ ಹೋಗುವವರು. ಹೆಸರು ಕೇಳಿ ತಲೆಯಾಡಿಸುತ್ತಾರೆ, ಆದರೂ ಕಾರಿನಿಂದ ಇಳಿಯುವುದಿಲ್ಲ. ಇಳಿಸುವುದಕ್ಕೆ ನನ್ನ ಹತ್ತಿರ ಬೇರೆ ಉಪಾಯವಿದೆ. ಮೊದಲ ಅರ್ಧ ಗಂಟೆ ಪೋಲ್, ಅಂದರೆ ಕೈಯಲ್ಲಿ ಹಿಡಿಯುವ ಕೋಲು, ಕೊಡುವುದೇ ಇಲ್ಲ. ಪೋಲ್ ಸಿಕ್ಕರೆ ಊರುಗೋಲು ಮಾಡಿಕೊಂಡು ಕಾಲನ್ನು ಮರೆಯುತ್ತಾರೆ. ಬರಿಗೈಯಲ್ಲಿ ಒಂದು ಕಾಲಿನ ಮೇಲೆ ಪೂರ್ತಿ ಭಾರ ಹಾಕಿ, ಇನ್ನೊಂದನ್ನು ಮುಂದಕ್ಕೆ ಜಾರಿಸಿ, ಭಾರ ಬದಲಿಸಬೇಕು. ಗದ್ದೆಯ ಬದುವಿನ ಮೇಲೆ ನಡೆದು ಅಭ್ಯಾಸವಿರುವವರಿಗೆ ಇದು ನನ್ನ ಸಾಫ್ಟ್‌ವೇರ್ ಹುಡುಗರಿಗಿಂತ ಬೇಗ ಬರುತ್ತದೆ.

ಹೋದ ಫೆಬ್ರವರಿಯಲ್ಲಿ ಹಾಸನದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮಗನ ಜೊತೆ ಹಯಾಕ್‌ಗೆ ಬಂದಿದ್ದರು. ಎರಡು ಸಲ ಬಿದ್ದರು. ಬಿದ್ದ ಜಾಗದ ಗುಂಡಿಯನ್ನು ಹಿಂದೆ ಬರುವವರಿಗಾಗಿ ಮುಚ್ಚಬೇಕು ಎಂದು ಹೇಳಿಕೊಟ್ಟಿದ್ದೆ. ಮಗ ಕೆರೆಯ ಫೋಟೋ ತೆಗೆಯುತ್ತ ಮುಂದೆ ಹೋಗಿಬಿಟ್ಟಿದ್ದ. ಮೇಷ್ಟ್ರು ಮಾತ್ರ ಬಗ್ಗಿ, ತಮ್ಮ ಗುಂಡಿಯ ಜೊತೆಗೆ ಮಗ ಬಿದ್ದದ್ದನ್ನೂ ಕೈಯಿಂದ ಸಮ ಮಾಡುತ್ತ, "ನಡೀರಿ, ಬಂದೆ" ಅಂದರು.