ಪಿನ್ ನಮ್ಮದು, ಕೆಳಗಿನ ನಕ್ಷೆ ಯಾರದು?

ಈ ಸಲ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಎಲ್ಲೆಲ್ಲಿ ಬಯಲಾಟ ಇದೆ ಅಂತ ಒಂದು ಮ್ಯಾಪ್ ಮಾಡಿ ವೆಬ್‌ಸೈಟಿಗೆ ಹಾಕಬೇಕು ಅಂದುಕೊಳ್ಳಿ. ಕೇಳಿದವರೆಲ್ಲ ಒಂದೊಂದು ಹೆಸರು ಹೇಳುತ್ತಾರೆ. ಗೂಗಲ್, ಲೀಫ್‌ಲೆಟ್, ಮ್ಯಾಪ್‌ಬಾಕ್ಸ್, ಮ್ಯಾಪ್‌ಲಿಬ್ರೆ. ಇಷ್ಟೊಂದು ಯಾಕಾಯ್ತು?

ತೊಂಬತ್ತರ ದಶಕದಲ್ಲಿ ನಕ್ಷೆಯನ್ನು ಸ್ವಲ್ಪ ಸರಿಸಿದರೂ ಇಡೀ ಪುಟ ಮತ್ತೆ ಲೋಡ್ ಆಗಬೇಕಿತ್ತು. 2005ರ ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂತು. ನಕ್ಷೆಯನ್ನು ಸಣ್ಣ ಚೌಕಗಳಾಗಿ ತುಂಡು ಮಾಡಿ, ತೆರೆಯ ಮೇಲೆ ಕಾಣುವಷ್ಟನ್ನೇ ಕಳಿಸುವುದು ಅದರ ಉಪಾಯ. ಈ ತುಂಡೇ ಟೈಲ್. ಹೊರಗಿನವರು ಬಳಸಲಿ ಅಂತ ಎಪಿಐ, ಅಂದರೆ ನಕ್ಷೆಯನ್ನು ತಮ್ಮ ಸೈಟಿಗೆ ಕೋಡ್ ಮೂಲಕ ಕರೆಸಿಕೊಳ್ಳುವ ದಾರಿ, ಕೊಟ್ಟದ್ದು ಜೂನ್‌ನಲ್ಲಿ, ಆದರೆ ಅದಕ್ಕೂ ಮೊದಲೇ ಪಾಲ್ ರಾಡೆಮೇಕರ್ ಎಂಬ ಪ್ರೋಗ್ರಾಮರ್ ಮನೆ ಬಾಡಿಗೆಯ ಜಾಹೀರಾತುಗಳನ್ನು ಆ ನಕ್ಷೆಯ ಮೇಲೆ ಕೂರಿಸಿ ತೋರಿಸಿದ್ದರು. ಆಮೇಲೆ ಎಲ್ಲರೂ ಅದನ್ನೇ ಮಾಡಿದರು, ಪುಕ್ಕಟೆ ಅಲ್ವಾ.

ಪುಕ್ಕಟೆ ಅನ್ನುವುದು ನಿಧಾನಕ್ಕೆ ಕರಗಿತು. ಮೊದಲು ಬಳಕೆಗೆ ಮಿತಿ ಬಂತು. 2018ರಲ್ಲಿ ಕಾರ್ಡ್ ಜೋಡಿಸಿದ ಬಿಲ್ಲಿಂಗ್ ಖಾತೆ ಕಡ್ಡಾಯವಾಯಿತು. ತಿಂಗಳಿಗೆ 200 ಡಾಲರ್ ಉಚಿತ ಕೊಟ್ಟರು ನಿಜ, ಆದರೆ ಖಾತೆ ಇಲ್ಲದ ಸೈಟುಗಳಲ್ಲಿ ನಕ್ಷೆ ಮಂಕಾಗಿ, ಅದರ ಮೇಲೆ 'ಫಾರ್ ಡೆವಲಪ್‌ಮೆಂಟ್ ಪರ್ಪಸಸ್ ಓನ್ಲಿ' ಅಂತ ಕಾಣತೊಡಗಿತು. ಗೇಣಿ ಜಾಗದಲ್ಲಿ ಅಡಿಕೆ ಸಸಿ ನೆಟ್ಟವರ ಪಾಡು.

ಅಷ್ಟರಲ್ಲಿ ಇನ್ನೊಂದು ದಾರಿ ಸಿದ್ಧವಾಗಿತ್ತು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಜನರೇ ಬರೆದ ನಕ್ಷೆ. 2011ರಲ್ಲಿ ಉಕ್ರೇನಿನ ವೊಲೊದಿಮಿರ್ ಅಗಾಫೊಂಕಿನ್ ಲೀಫ್‌ಲೆಟ್ ಎಂಬ ಲೈಬ್ರರಿ, ಅಂದರೆ ವೆಬ್‌ಪುಟಕ್ಕೆ ಸೇರಿಸಿಕೊಳ್ಳುವ ಸಿದ್ಧ ಕೋಡ್, ಹೊರತಂದರು. ನಕ್ಷೆ ತೋರಿಸು, ಪಿನ್ ಹಾಕು, ಪಾಪ್‌ಅಪ್ ತೆರೆ, ಅಷ್ಟೇ ಅದರ ಕೆಲಸ. ನನ್ನ ಮಟ್ಟಿಗೆ ಊರಿನ ಮ್ಯಾಪಿಗೆ ಇದಕ್ಕಿಂತ ಜಾಸ್ತಿ ಬೇಡ. ಟೈಲ್ ಕೊಡುವ ಓಪನ್‌ಸ್ಟ್ರೀಟ್‌ಮ್ಯಾಪ್ ಸರ್ವರ್ ಮಾತ್ರ ದೇಣಿಗೆಯಲ್ಲಿ ನಡೆಯುತ್ತದೆ, ವಿಪರೀತ ಎಳೆದರೆ ನಿಲ್ಲಿಸುತ್ತಾರೆ, ಮೂಲೆಯಲ್ಲಿ ಅವರ ಹೆಸರೂ ಇರಬೇಕು.

ಇಲ್ಲಿ ಎರಡು ಕಡೆ ಎಡವುತ್ತಾರೆ. ಲೀಫ್‌ಲೆಟ್‌ಗೆ ಅಕ್ಷಾಂಶ ಮೊದಲು, ಮಾಹಿತಿ ಇಡುವ ಜಿಯೋಜೇಸನ್ ಫೈಲಿನಲ್ಲಿ ರೇಖಾಂಶ ಮೊದಲು. ಕಾಸರಗೋಡು ಸುಮಾರು 12.5, 75. ಅದಲುಬದಲಾದರೆ ಪಿನ್ ನಾರ್ವೆಯ ಉತ್ತರಕ್ಕೆ ಸಮುದ್ರದಲ್ಲಿ ಬೀಳುತ್ತದೆ! ಎರಡನೆಯದು, ನಮ್ಮದೇ ಕಿರೀಟದ ಚಿತ್ರವನ್ನು ಪಿನ್ ಮಾಡಿದಾಗ ಐಕಾನ್‌ಆ್ಯಂಕರ್, ಅಂದರೆ ಚಿತ್ರದ ಯಾವ ಬಿಂದು ಜಾಗದ ಮೇಲೆ ನಿಲ್ಲಬೇಕು ಅನ್ನುವುದನ್ನು, ಹೇಳಬೇಕು. ಸುಮ್ನೆ ಅಳತೆ ಮಾತ್ರ ಕೊಟ್ಟರೆ ಚಿತ್ರದ ತುದಿ ಜಾಗದ ಮೇಲೆ ನಿಲ್ಲದೆ, ನಡುಭಾಗ ನಿಲ್ಲುತ್ತದೆ. ಝೂಮ್ ಕಡಿಮೆ ಮಾಡಿದರೆ ಬದಿಯಡ್ಕದ ಆಟ ದಕ್ಷಿಣಕ್ಕೆ ಹೋದಂತೆ ಕಾಣುತ್ತದೆ.

2020ರ ಕೊನೆಗೆ ಮ್ಯಾಪ್‌ಬಾಕ್ಸ್ ಕಂಪನಿ ತನ್ನ ಲೈಬ್ರರಿಗೆ ಇದ್ದ, ಯಾರೂ ಬಳಸಿ ಬದಲಿಸಬಹುದಾದ ಮುಕ್ತ ಪರವಾನಗಿ ಬಿಟ್ಟಿತು, ಹಳೆಯ ಆವೃತ್ತಿಯಿಂದ ಮ್ಯಾಪ್‌ಲಿಬ್ರೆ ಹುಟ್ಟಿತು. ಇವು ಬಳಸುವ ವೆಕ್ಟರ್ ಟೈಲ್ ಸಿದ್ಧ ಚಿತ್ರವಲ್ಲ, ಬ್ರೌಸರಿನಲ್ಲಿ ಬಿಡಿಸಿಕೊಳ್ಳುವ ಮಾಹಿತಿ, ಹಾಗಾಗಿ ಊರ ಹೆಸರನ್ನು ಯಾವ ಭಾಷೆಯಲ್ಲಿ ಬೇಕೋ ಅದರಲ್ಲಿ ಬರೆಸಬಹುದು. ಮಂಜೇಶ್ವರ, ಕಾಸರಗೋಡಿನಂಥ ಕಡೆ, ಒಂದೇ ಬೋರ್ಡಿನಲ್ಲಿ ಕನ್ನಡ, ಮಲಯಾಳಂ ಎರಡೂ ಓದುವ ನಮಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಈ ಲೈಬ್ರರಿಗಳು ಅಕ್ಷರಗಳನ್ನು ಬಿಡಿಬಿಡಿಯಾಗಿ ಚಿತ್ರಿಸುವುದರಿಂದ ಒತ್ತಕ್ಷರ ವರ್ಷಗಟ್ಟಲೆ ಒಡೆದೇ ಕಂಡಿತು. ಬದಿಯಡ್ಕದ ಕೊನೆಯ 'ಕ' ಒತ್ತಾಗದೆ ಪಕ್ಕಕ್ಕೇ ಕೂರುತ್ತಿತ್ತು. ಲೀಫ್‌ಲೆಟ್‌ನ ಪಾಪ್‌ಅಪ್‌ಗೆ ಈ ಕಾಟ ಇಲ್ಲ, ಅಲ್ಲಿ ಅಕ್ಷರ ಬರೆಯುವುದು ಬ್ರೌಸರ್.